ಮುಂಬಯಿ ಮಕ್ಕಳ ಇಂಗ್ಲಿಷ್ ಉಚ್ಚಾರಕ್ಕೆ ಏಳು ಸೂತ್ರಗಳು

ಮನೆಯಲ್ಲಿ ಕನ್ನಡವೋ ತುಳುವೋ, ಸೊಸೈಟಿಯ ಅಂಗಳದಲ್ಲಿ ಹಿಂದಿ-ಮರಾಠಿ, ಶಾಲೆಗೆ ಕಾಲಿಟ್ಟ ದಿನದಿಂದ ಇಂಗ್ಲಿಷ್. ಡೊಂಬಿವಲಿಯಿಂದ ಮೀರಾ ರೋಡ್‌ವರೆಗೆ ನಮ್ಮ ಮಕ್ಕಳು ಬೆಳೆಯುವುದೇ ಹೀಗೆ. ಹೊರೆ ಎನ್ನಬೇಡಿ. ಇಷ್ಟು ಬಗೆಯ ದನಿ ಕೇಳಿದ ಕಿವಿ ದೊಡ್ಡ ಆಸ್ತಿ.

1. ಮೊದಲು ಕಿವಿ, ಆಮೇಲೆ ನಾಲಿಗೆ. 1984ರಲ್ಲಿ ಪ್ರಕಟವಾದ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ಅವರ ಅಧ್ಯಯನದಲ್ಲಿ ಇಂಗ್ಲಿಷ್ ಮನೆಗಳ ಕೂಸುಗಳಿಗೆ ಹಿಂದಿಯ ತ-ಟ ಕೇಳಿಸಿದರು. ಆರೆಂಟು ತಿಂಗಳ ಕೂಸುಗಳು ವ್ಯತ್ಯಾಸ ಗುರುತಿಸಿದವು. ವರ್ಷ ತುಂಬುವಷ್ಟರಲ್ಲಿ ಆ ಚುರುಕು ಬಹುಮಟ್ಟಿಗೆ ಇಳಿದಿತ್ತು. ಹಾಗಾಗಿ ಸ್ಪೆಲ್ಲಿಂಗ್ ಬರೆಸುವ ಮುಂಚೆ ಮಾತು ಕೇಳಿಸಿ.

2. ಮೊಬೈಲ್ ಕೈಗಿಟ್ಟು ಸುಮ್ಮನಾಗಬೇಡಿ. ಪೆಟ್ರೀಷಿಯಾ ಕುಲ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿದಂತೆ, ಚೀನೀ ಭಾಷೆಯವರು ಎದುರು ಕೂತು ಆಡಿಸಿದಾಗ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳು 12 ಪಾಠಗಳಲ್ಲೇ ಆ ದನಿ ಹಿಡಿದವು. ಅದೇ ಪಾಠ ವಿಡಿಯೋದಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಇಂಗ್ಲಿಷ್ ಚೆನ್ನಾಗಿ ಆಡುವ ನೆರೆಮನೆಯ ಆಂಟಿ ಇದ್ದರೆ ಸಂಜೆ ಅವರ ಜೊತೆ ಹರಟಲು ಬಿಡಿ.

3. ಕನ್ನಡಿ ಹಿಡಿಯಿರಿ. ವಿರಾರ್‌ಗೆ ಬರೆಯುವುದು ‘ವೀ’, ವಡಾಳಾಕ್ಕೆ ‘ಡಬ್ಲ್ಯೂ’; ಎರಡನ್ನೂ ನಾವು ಒಂದೇ ‘ವ’ದಲ್ಲಿ ಮುಗಿಸುತ್ತೇವೆ. ಇಂಗ್ಲಿಷಿನಲ್ಲಿ ಅದು ನಡೆಯದು. ‘ವೀ’ಗೆ ಮೇಲಿನ ಹಲ್ಲು ಕೆಳದುಟಿಗೆ ತಾಗಬೇಕು. ‘ಡಬ್ಲ್ಯೂ’ಗೆ ಹಲ್ಲು ತಾಗಿಸದೆ ತುಟಿ ದುಂಡಗೆ ಮಾಡಬೇಕು. ಅಂಧೇರಿ ವೆಸ್ಟ್ ಅನ್ನುವಾಗ ಹಲ್ಲು ತಾಗಿದರೆ ‘ವೆಸ್ಟ್’ ಬನಿಯನ್ ಆಗುತ್ತದೆ! ಮಗು ನಗುತ್ತಾ ಕಲಿಯುವ ಪಾಠವಿದು.

4. ಮರಾಠಿಯಿಂದ ಸಾಲ ತನ್ನಿ. ‘ಮಾಝಾ’ದ ಝ ಇಂಗ್ಲಿಷಿನ ‘ಝೂ’ಗೆ ತೀರ ಹತ್ತಿರ. ಅದು ಬಾಯಲ್ಲಿದ್ದ ಮಗುವಿಗೆ ಬೈಕಲಾದ ರಾಣಿ ಬಾಗ್ ತೋರಿಸುವಾಗ ‘ಜೂ’ ಎಂದು ನೀವೇ ಹೇಳಿ ಕೆಡಿಸಬೇಡಿ.

5. ಪದಗಳನ್ನು ಬೆಸೆಯಿರಿ. ‘ಯೆಗ್’ ಅನ್ನುವ ಮಗುವಿಗೆ ‘ಟೆನೆಗ್ಸ್’ ಎಂದು ಒಂದೇ ಉಸಿರಿಗೆ ಹೇಳಿಕೊಡಿ. ನಡುವೆ ‘ಯ’ ನುಸುಳಲು ಜಾಗವೇ ಇರುವುದಿಲ್ಲ. ‘ವೊನ್ಲಿ’ಗೂ ಇದೇ ಮದ್ದು. ‘ಬಸ್ಸು’, ‘ಬುಕ್ಕು’ ಕನ್ನಡದಲ್ಲಿ ಚೆಂದ, ಅಲ್ಲೇ ಇರಲಿ; ಇಂಗ್ಲಿಷ್ ಆಡುವಾಗ ಮಾತ್ರ ಕೊನೆಯ ‘ಉ’ ಬಿಡಿಸಿ.

6. ಮಾತಿನ ನಡುವೆ ತಡೆದು ತಿದ್ದಬೇಡಿ, ನೆಂಟರೆದುರು ಅಣಕಿಸಲೇಬೇಡಿ. ಮಗು ಹೇಳಿದ್ದನ್ನೇ ಸರಿಯಾಗಿ ಹೇಳಿ ಉತ್ತರಿಸಿ, ಸಾಕು. ಲಂಡನ್ನಿನ ಧಾಟಿ ಬೇಕಿಲ್ಲ, ಕೇಳಿದವರಿಗೆ ಅರ್ಥವಾಗಬೇಕು. ಇಂಗ್ಲಿಷಿಗಾಗಿ ಮನೆಮಾತು ನಿಲ್ಲಿಸುವುದು ಮಾತ್ರ ನನಗೆ ಸುತರಾಂ ಒಪ್ಪಿಗೆಯಿಲ್ಲ. ಅಜ್ಜಿಯ ಜೊತೆ ಳ, ಣ ಆಡುವ ನಾಲಿಗೆ ಸಲೀಸಾಗಿ ಹೊರಳುತ್ತದೆ.

7. ಐದು ವರ್ಷವಾದರೂ ಮಗುವಿನ ಮನೆಮಾತೇ ಹೊರಗಿನವರಿಗೆ ಅರ್ಥವಾಗದಿದ್ದರೆ ಟ್ಯೂಷನ್ ಹುಡುಕಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಮಾತು ಮತ್ತು ಶ್ರವಣ ದೋಷಗಳಿಗೆಂದೇ 1983ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಬಾಂದ್ರಾ ವೆಸ್ಟ್‌ನಲ್ಲೇ ಇದೆ.