ಕಿವಿಗೊಪ್ಪುವ ಹೆಡ್‌ಫೋನ್

ಭಾಷೆಯ ಕಲಿಕೆಯಲ್ಲಿ ನಾಲ್ಕು ಕೌಶಲಗಳುಂಟು: ಆಲಿಸುವುದು, ಮಾತನಾಡುವುದು, ಓದುವುದು, ಬರೆಯುವುದು. ಇವುಗಳಲ್ಲಿ ಆಲಿಸುವುದೇ ಮೊದಲನೆಯದು. ತೊಟ್ಟಿಲ ಕೂಸು ತಾಯಿಯ ಮಾತನ್ನು ಕೇಳಿ ಕೇಳಿಯೇ ಮಾತು ಕಲಿಯುತ್ತದೆ. ಕಿವಿ ಸರಿಯಾಗಿದ್ದರೆ ನಾಲಿಗೆ ಸರಿಯಾಗುತ್ತದೆ. ನಾಲಿಗೆ ಸರಿಯಾದರೆ ಬರಹವೂ ಸರಿಯಾಗುತ್ತದೆ. ಆದುದರಿಂದ ಕನ್ನಡ ಶಿಕ್ಷಕರೊಬ್ಬರು ಹೆಡ್‌ಫೋನಿನ ವಿಷಯವಾಗಿ ಏಕೆ ಬರೆಯುತ್ತಾರೆಂದು ಯಾರೂ ಆಶ್ಚರ್ಯಪಡಬೇಕಾಗಿಲ್ಲ.

ನಮ್ಮ ಸೊಲ್ಲಾಪುರ, ಅಕ್ಕಲಕೋಟೆಯ ಮಕ್ಕಳಿಗೆ ಆಲಿಸುವಿಕೆಯ ಅವಶ್ಯಕತೆ ಇನ್ನೂ ಹೆಚ್ಚು. ಮನೆಯಲ್ಲಿ ಕನ್ನಡ, ಬಾಜಾರದಲ್ಲಿ ಮರಾಠಿ, ಮಗ್ಗದ ಓಣಿಯಲ್ಲಿ ತೆಲುಗು. ಕನ್ನಡದಲ್ಲಿ ಎ ಮತ್ತು ಏ, ಒ ಮತ್ತು ಓ ಬೇರೆ ಬೇರೆ. ‘ಬೆಳೆ’ ಹೊಲದಲ್ಲಿರುತ್ತದೆ, ‘ಬೇಳೆ’ ಗಡಿಗೆಯಲ್ಲಿರುತ್ತದೆ. ‘ಕೊಡು’ ಎಂದರೆ ನೀಡು, ‘ಕೋಡು’ ಎಂದರೆ ಎತ್ತಿನ ಕೊಂಬು. ಮರಾಠಿಯ ಬರಹದಲ್ಲಿ ಈ ಹ್ರಸ್ವ ದೀರ್ಘಗಳಿಗೆ ಬೇರೆ ಬೇರೆ ಅಕ್ಷರಗಳಿಲ್ಲ. ಆದ್ದರಿಂದ ಎರಡೂ ಭಾಷೆಗಳನ್ನು ಒಟ್ಟಿಗೆ ಕಲಿಯುವ ಮಗು ಈ ವ್ಯತ್ಯಾಸವನ್ನು ಕಿವಿಯಿಂದಲೇ ಹಿಡಿಯಬೇಕಾಗುತ್ತದೆ.

ಈಗ ಪಾಠಗಳನ್ನು ಮೋಬೈಲಿನಲ್ಲಿಯೂ ಕೇಳಬಹುದಾಗಿದೆ. ನಮ್ಮ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕ ರಣಜಿತಸಿಂಹ ಡಿಸಲೆಯವರು ಪಠ್ಯಪುಸ್ತಕಕ್ಕೆ ಕ್ಯೂಆರ್ ಕೋಡ್ ಜೋಡಿಸಿ, ಪದ್ಯ, ಪಾಠಗಳನ್ನು ಮಕ್ಕಳು ಕೇಳುವಂತೆ ಮಾಡಿದರು. ಅವರಿಗೆ 2020ರಲ್ಲಿ ಜಾಗತಿಕ ಶಿಕ್ಷಕ ಪ್ರಶಸ್ತಿ ದೊರೆಯಿತು. ಅದೇ ವರ್ಷ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಮಕ್ಕಳು ತಿಂಗಳುಗಟ್ಟಲೆ ಮೋಬೈಲಿನ ಮುಂದೆ ಕುಳಿತು ಪಾಠ ಕೇಳಬೇಕಾಯಿತು. ಅಂದಿನಿಂದ ಕಂಪಾಸ ಪೆಟ್ಟಿಗೆಯಂತೆ ಹೆಡ್‌ಫೋನೂ ಅನೇಕರ ಪಾಟೀಚೀಲ ಸೇರಿದೆ.

ಆದರೆ ಕೊಳ್ಳುವಾಗ ನಾವು ಕೇಳುವ ಪ್ರಶ್ನೆಗಳು ಎರಡೇ: ‘ಬೆಲೆ ಎಷ್ಟು? ಸಪ್ಪಳ ಎಷ್ಟು ಜೋರು?’ ಇವೆರಡೂ ಮೊದಲು ಕೇಳಬೇಕಾದ ಪ್ರಶ್ನೆಗಳಲ್ಲ. ಮೊದಲು ಕಿವಿಯ ಮೆತ್ತೆ, ಆಮೇಲೆ ಹೆಡ್‌ಫೋನ್, ಕಟ್ಟಕಡೆಗೆ ಆಂಪ್ಲಿಫಯರ್. ಈ ಕ್ರಮದಲ್ಲಿ ಆರಿಸಬೇಕು. ಏಕೆಂಬುದನ್ನು ಒಂದೊಂದಾಗಿ ತಿಳಿದುಕೊಳ್ಳೋಣ.

ಹೆಡ್‌ಫೋನಿನ ರಚನೆ

ಹೆಡ್‌ಫೋನ್ ಒಂದು ಪುಟ್ಟ ಧ್ವನಿವರ್ಧಕವೇ. ಅದರೊಳಗೆ ಅಯಸ್ಕಾಂತವಿದೆ, ಅದರ ಬಳಿ ಕೂದಲೆಳೆಯಂಥ ತಂತಿಯ ಸುರುಳಿ ಇದೆ, ಸುರುಳಿಗೆ ತೆಳುವಾದ ಪೊರೆ ಅಂಟಿದೆ. ಸುರುಳಿಯಲ್ಲಿ ವಿದ್ಯುತ್ತು ಏರಿಳಿದಂತೆ ಪೊರೆ ಹಿಂದೆ ಮುಂದೆ ಅಲುಗಿ ಗಾಳಿಯನ್ನು ಕಂಪಿಸುತ್ತದೆ. ಆ ಕಂಪನವೇ ನಮಗೆ ಕೇಳುವ ಧ್ವನಿ. 1910ರಲ್ಲಿ ಅಮೇರಿಕೆಯ ನಥಾನಿಯಲ್ ಬಾಲ್ಡ್‌ವಿನ್ ಎಂಬವರು ತಮ್ಮ ಹೆಡ್‌ಫೋನುಗಳನ್ನು ಅಲ್ಲಿಯ ನೌಕಾದಳಕ್ಕೆ ಒದಗಿಸಿದರು. 1958ರಲ್ಲಿ ಜಾನ್ ಕಾಸ್ ಅವರು ಸಂಗೀತಕ್ಕಾಗಿ ಸ್ಟೀರಿಯೊ ಹೆಡ್‌ಫೋನ್ ಹೊರತಂದರು. ಅಂದಿನಿಂದ ರೂಪ ಬದಲಾಗಿದೆ, ಮೂಲತತ್ತ್ವ ಹೆಚ್ಚೇನೂ ಬದಲಾಗಿಲ್ಲ.

ಕಿವಿಯ ಲೆಕ್ಕ

ನಮ್ಮ ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡ ಒಂದು ಕೊಳವೆಯಿದೆ. ಅದರಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ರೋಮಕೋಶಗಳಿವೆ. ಧ್ವನಿಯನ್ನು ಮೆದುಳಿಗೆ ಮುಟ್ಟಿಸುವ ದೂತರು ಇವೇ. ಒಣಗಿದ ಬೆಳೆಗೆ ಮಳೆ ಬಂದರೆ ಮತ್ತೆ ಚಿಗುರೀತು. ಆದರೆ ಸತ್ತ ರೋಮಕೋಶ ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ.

ಅತಿಶಬ್ದದಿಂದ ಮೊದಲು ಕೆಡುವುದು ಸೆಕೆಂಡಿಗೆ 4000 ಕಂಪನಗಳ ಆಸುಪಾಸಿನ ತೀಕ್ಷ್ಣ ಧ್ವನಿಗಳನ್ನು ಹಿಡಿಯುವ ಭಾಗ. ಸ್ವರಗಳ ಬಲವೆಲ್ಲ ಬಹುಮಟ್ಟಿಗೆ ಕೆಳಗಿನ ಕಂಪನಗಳಲ್ಲಿದೆ. ಸ, ಶ ಮುಂತಾದ ವ್ಯಂಜನಗಳ ಬಲ ಮೇಲಿನ ಕಂಪನಗಳಲ್ಲಿದೆ. ಆದ್ದರಿಂದ ಕಿವಿ ಕೆಡತೊಡಗಿದವನಿಗೆ ಮಾತು ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ. ಆತ ‘ಏನಂದಿ?’ ಎಂದು ಮತ್ತೆ ಮತ್ತೆ ಕೇಳುತ್ತಾನೆ. ನಾವು ಅವನಿಗೆ ಲಕ್ಷ್ಯವಿಲ್ಲವೆಂದು ಬೈಯುತ್ತೇವೆ!

ಶಬ್ದದ ಪ್ರಮಾಣವನ್ನು ಡೆಸಿಬೆಲ್‌ನಲ್ಲಿ ಅಳೆಯುತ್ತಾರೆ. ಇದರ ಲೆಕ್ಕ ಸ್ವಲ್ಪ ಬೇರೆ. 3 ಡೆಸಿಬೆಲ್ ಹೆಚ್ಚಾಯಿತೆಂದರೆ ಧ್ವನಿಯ ಶಕ್ತಿ ಎರಡು ಪಟ್ಟಾಯಿತೆಂದು ಅರ್ಥ. ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವೂ ಸೇರಿ 2019ರಲ್ಲಿ ಪ್ರಕಟಿಸಿದ ಮಾನದಂಡದಂತೆ ದೊಡ್ಡವರಿಗೆ 80 ಡೆಸಿಬೆಲ್ ಧ್ವನಿ ವಾರಕ್ಕೆ 40 ಗಂಟೆ, ಮಕ್ಕಳಿಗೆ 75 ಡೆಸಿಬೆಲ್ ಧ್ವನಿ ವಾರಕ್ಕೆ 40 ಗಂಟೆ, ಇದು ಮಿತಿ. ಪ್ರತಿ 3 ಡೆಸಿಬೆಲ್‌ಗೆ ಕಾಲ ಅರ್ಧವಾಗುತ್ತದೆ. ಮಕ್ಕಳ ಲೆಕ್ಕ ಹೀಗೆ:

75 ಡೆಸಿಬೆಲ್: 40 ಗಂಟೆ
78 ಡೆಸಿಬೆಲ್: 20 ಗಂಟೆ
81 ಡೆಸಿಬೆಲ್: 10 ಗಂಟೆ
84 ಡೆಸಿಬೆಲ್: 5 ಗಂಟೆ
87 ಡೆಸಿಬೆಲ್: ಎರಡೂವರೆ ಗಂಟೆ
90 ಡೆಸಿಬೆಲ್: ಒಂದೂಕಾಲು ಗಂಟೆ

ಇದು ದಿನದ ಲೆಕ್ಕವಲ್ಲ, ಇಡೀ ವಾರದ ಲೆಕ್ಕವೆಂಬುದನ್ನು ಮರೆಯಬಾರದು.

ಮೊದಲು ಮೆತ್ತೆ

1877ರಲ್ಲಿ ಹಳೆಯ ಗಿರಣಿ ಆರಂಭವಾದಂದಿನಿಂದ ಸೊಲ್ಲಾಪುರದ ಬದುಕು ನೂಲಿನ ಜೊತೆಗೇ ನಡೆದಿದೆ. ಚಾದರ, ಟಾವೆಲ್ ನೇಯುವ ಪವರ್‌ಲೂಮುಗಳು ಎಷ್ಟೋ ಓಣಿಗಳಲ್ಲಿ ಮನೆಗಳಿಗೆ ಹತ್ತಿಕೊಂಡೇ ಇವೆ. ಮಗ್ಗ ನಡೆದಿರುವ ಶೆಡ್ಡಿನೊಳಗೆ ಶಬ್ದ ಸಾಮಾನ್ಯವಾಗಿ 90 ಡೆಸಿಬೆಲ್ ದಾಟುತ್ತದೆ. ಪಕ್ಕದ ಕೋಣೆಯಲ್ಲಿ ಕುಳಿತು ಪಾಠ ಕೇಳುವ ಹುಡುಗಿ ಏನು ಮಾಡುತ್ತಾಳೆ? ಮಗ್ಗದ ಸಪ್ಪಳವನ್ನು ಮೀರಿಸಲೆಂದು ಮೋಬೈಲಿನ ಧ್ವನಿ ಏರಿಸುತ್ತಾಳೆ. ಹೊರಗಿನ ಗದ್ದಲ ಕಿವಿಯಿಂದ ಹೋಗಲಿಲ್ಲ. ಅದರ ಮೇಲೆ ಇನ್ನೊಂದು ಗದ್ದಲ ಬಂದು ಕುಳಿತಿತು.

ಇದಕ್ಕೆ ಪರಿಹಾರ ಧ್ವನಿ ಏರಿಸುವುದಲ್ಲ, ಗದ್ದಲವನ್ನು ಹೊರಗೇ ತಡೆಯುವುದು. ಆ ಕೆಲಸ ಮಾಡುವುದೇ ಇಯರ್ ಪ್ಯಾಡ್ ಎಂಬ ಮೆತ್ತೆ. ಅದು ಕಿವಿಯ ಸುತ್ತ ಸಂದಿಲ್ಲದಂತೆ ಕುಳಿತರೆ ಎರಡು ಲಾಭಗಳಿವೆ. ಹೊರಗಿನ ಶಬ್ದ ಒಳಬರುವುದು ಕಡಿಮೆಯಾಗುತ್ತದೆ; ಒಳಗಿನ ಗಂಭೀರ ಧ್ವನಿ ಸೋರಿಹೋಗುವುದಿಲ್ಲ. ಎರಡರಿಂದಲೂ ಸಣ್ಣ ಧ್ವನಿಯಲ್ಲಿಯೇ ಪಾಠ ಸ್ಪಷ್ಟವಾಗಿ ಕೇಳುತ್ತದೆ.

ಮೆತ್ತೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ಇಡೀ ಕಿವಿಯನ್ನು ಸುತ್ತುವ ದೊಡ್ಡ ಮೆತ್ತೆ. ಕಿವಿಯ ಮೇಲೆಯೇ ಒತ್ತಿ ಕೂಡುವ ಸಣ್ಣ ಮೆತ್ತೆ. ಕಿವಿಯ ರಂಧ್ರದಲ್ಲಿ ತೂರಿಸುವ ರಬ್ಬರಿನ ತುದಿ. ಗದ್ದಲದ ಮನೆಗೆ ಹಿಂಬದಿ ಮುಚ್ಚಿದ, ಕಿವಿಯನ್ನು ಸುತ್ತುವ ಬಗೆ ಒಳ್ಳೆಯದು. ಹಿಂಬದಿ ತೆರೆದ ಹೆಡ್‌ಫೋನಿನ ಧ್ವನಿ ಸಹಜವಾಗಿರುತ್ತದೆ. ಆದರೆ ಅದು ನಿಶ್ಶಬ್ದ ಕೋಣೆಗೆ ತಕ್ಕುದು. ರಬ್ಬರಿನ ತುದಿಗಳು ಹೆಚ್ಚಾಗಿ ಮೂರು ಅಳತೆಗಳಲ್ಲಿ ಬರುತ್ತವೆ. ಎರಡು ಕಿವಿಗಳಿಗೆ ಬೇರೆ ಬೇರೆ ಅಳತೆ ಬೇಕಾದರೂ ಬೇಕಾದೀತು. ಒಬ್ಬರು ಕಿವಿಯಲ್ಲಿ ಹಾಕಿದ್ದನ್ನು ಒರೆಸದೆ ಮತ್ತೊಬ್ಬರು ಹಾಕಿಕೊಳ್ಳಬಾರದು.

ಬಟ್ಟೆಯ ವಿಷಯವನ್ನೂ ನೋಡಬೇಕು. ಕೃತಕ ಚರ್ಮದ ಮೆತ್ತೆ ಶಬ್ದವನ್ನು ಚೆನ್ನಾಗಿ ತಡೆಯುತ್ತದೆ. ಆದರೆ 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಬೆವರು ಹಿಡಿದು, ಕಾಲಕ್ರಮದಲ್ಲಿ ಸಿಪ್ಪೆ ಏಳುತ್ತದೆ. ಮಖಮಲ್ಲಿನಂಥ ಬಟ್ಟೆಯ ಮೆತ್ತೆ ತಂಪು. ಆದರೆ ಗದ್ದಲವನ್ನು ಅಷ್ಟು ತಡೆಯದು. ಕನ್ನಡಕ ಹಾಕುವವರಿಗೆ ಮಿದುವಾದ, ದಪ್ಪ ಮೆತ್ತೆ ಬೇಕು. ಇಲ್ಲದಿದ್ದರೆ ಕಡ್ಡಿಯ ಬಳಿ ಸಂದು ಉಳಿಯುತ್ತದೆ. ಮೆತ್ತೆ ಚಪ್ಪಟೆಯಾದರೆ ಪೊರೆ ಕಿವಿಗೆ ಹತ್ತಿರವಾಗಿ ಧ್ವನಿಯ ಗುಣವೇ ಬದಲಾಗುತ್ತದೆ. ಆಗ ಹೆಡ್‌ಫೋನ್ ಎಸೆಯಬೇಕಾಗಿಲ್ಲ. ಬಿಚ್ಚಿ ಹಾಕಲು ಬರುವ ಮೆತ್ತೆಯಾಗಿದ್ದರೆ ಅದೇ ಅಳತೆಯ, ಅದೇ ಆಳದ ಹೊಸ ಮೆತ್ತೆ ಹಾಕಿದರೆ ಸಾಕು. ಆದ್ದರಿಂದ ಕೊಳ್ಳುವಾಗಲೇ ‘ಇದರ ಮೆತ್ತೆ ಬೇರೆ ಸಿಗುತ್ತದೆಯೇ?’ ಎಂದು ವಿಚಾರಿಸಿರಿ.

ಆಮೇಲೆ ಹೆಡ್‌ಫೋನ್

ಹೆಡ್‌ಫೋನಿನ ಪೆಟ್ಟಿಗೆಯ ಮೇಲೆ ಎರಡು ಅಂಕಿಗಳನ್ನು ಹುಡುಕಿರಿ. ಒಂದು ಓಮ್. ಇದು ವಿದ್ಯುತ್ತಿಗೆ ಸುರುಳಿ ಒಡ್ಡುವ ತಡೆ. ಇದಕ್ಕೆ ಇಂಪೀಡೆನ್ಸ್ ಎನ್ನುತ್ತಾರೆ. ಇನ್ನೊಂದು ಸೂಕ್ಷ್ಮತೆ, ಅಂದರೆ 1 ಮಿಲಿವ್ಯಾಟ್ ಕೊಟ್ಟರೆ ಎಷ್ಟು ಡೆಸಿಬೆಲ್ ಧ್ವನಿ ಬರುತ್ತದೆಂಬುದು. ಕೆಲವು ಕಂಪನಿಗಳು 1 ವೋಲ್ಟಿಗೆ ಎಷ್ಟೆಂದು ಬರೆಯುತ್ತವೆ. ಒಂದನ್ನು ಇನ್ನೊಂದರ ಜೊತೆ ನೇರವಾಗಿ ಹೋಲಿಸಬಾರದು. ಸೇರನ್ನೂ ಮೊಳವನ್ನೂ ಹೋಲಿಸಿದಂತಾದೀತು.

ಒಂದು ಸಣ್ಣ ಲೆಕ್ಕ ಮಾಡೋಣ. ಸಾಮರ್ಥ್ಯ ಎಂದರೆ ವೋಲ್ಟಿನ ವರ್ಗವನ್ನು ಓಮಿನಿಂದ ಭಾಗಿಸಿದ್ದು. ಮೋಬೈಲು ಪೂರ್ಣ ಧ್ವನಿಯಲ್ಲಿ ಅರ್ಧ ವೋಲ್ಟ್ ಕೊಡುತ್ತದೆಂದು ಹಿಡಿಯಿರಿ.

250 ಓಮಿನ ಹೆಡ್‌ಫೋನಿಗೆ: 0.5 × 0.5 ÷ 250 = 0.001 ವ್ಯಾಟ್, ಅಂದರೆ 1 ಮಿಲಿವ್ಯಾಟ್.
32 ಓಮಿನ ಹೆಡ್‌ಫೋನಿಗೆ: 0.5 × 0.5 ÷ 32 = 0.0078 ವ್ಯಾಟ್, ಅಂದರೆ ಹೆಚ್ಚುಕಡಿಮೆ 8 ಮಿಲಿವ್ಯಾಟ್.

ಎರಡರ ಸೂಕ್ಷ್ಮತೆಯೂ 1 ಮಿಲಿವ್ಯಾಟಿಗೆ 100 ಡೆಸಿಬೆಲ್ ಇದ್ದರೆ ಮೊದಲನೆಯದು 100 ಡೆಸಿಬೆಲ್ ಕೊಡುತ್ತದೆ. ಎರಡನೆಯದಕ್ಕೆ ದೊರೆತದ್ದು ಎಂಟು ಪಟ್ಟು, ಎಂದರೆ ಮೂರು ಸಾರಿ ಇಮ್ಮಡಿ. ಆದ್ದರಿಂದ ಅದು 9 ಹೆಚ್ಚು, ಸುಮಾರು 109 ಡೆಸಿಬೆಲ್ ಕೊಡುತ್ತದೆ. ಪಾಠದ ಮಾತು ಏರಿಳಿಯುವುದರಿಂದ ಸರಾಸರಿ ಇದಕ್ಕಿಂತ ಕಡಿಮೆಯಿರುತ್ತದೆ, ನಿಜ. ಆದರೂ 109 ಡೆಸಿಬೆಲ್ ಸತತವಾಗಿ ಬಿದ್ದರೆ ಮಕ್ಕಳ ಮಿತಿ ವಾರಕ್ಕೆ ಒಂದು ನಿಮಿಷವೂ ಅಲ್ಲವೆಂದು ಮೇಲಿನ ಪಟ್ಟಿಯನ್ನು ಮುಂದುವರಿಸಿದರೆ ತಿಳಿಯುತ್ತದೆ. ಜೇಬಿನ ಮೋಬೈಲೊಂದೇ ಇಷ್ಟು ಮಾಡಬಲ್ಲದು!

ಕೊನೆಗೆ ಆಂಪ್ಲಿಫಯರ್

ಅಕ್ಕಲಕೋಟೆಯ ರೈತ ಎತ್ತು ಕೊಳ್ಳುವಾಗ ಒಂದನ್ನೇ ನೋಡುವುದಿಲ್ಲ, ಜೋಡಿಯನ್ನು ನೋಡುತ್ತಾನೆ. ಜೋಡಿ ಕೂಡದಿದ್ದರೆ ‘ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು’ ಎಂಬ ಗಾದೆಯಂತಾಗುತ್ತದೆ. ಹೆಡ್‌ಫೋನೂ ಆಂಪ್ಲಿಫಯರೂ ಇಂಥ ಜೋಡಿಯೇ.

16ರಿಂದ 32 ಓಮಿನ ಸಾಮಾನ್ಯ ಹೆಡ್‌ಫೋನಿಗೆ ಬೇರೆ ಆಂಪ್ಲಿಫಯರ್ ಬೇಕಾಗಿಲ್ಲ. ಮೋಬೈಲು, ರೇಡಿಯೋಗಳಲ್ಲಿ ಅದು ಒಳಗೇ ಇದೆ. ಬ್ಲೂಟೂತ್ ಹೆಡ್‌ಫೋನಿನಲ್ಲಿ ಅದನ್ನು ತಯಾರಕರೇ ಹೊಂದಿಸಿ ಕೂಡಿಸಿರುತ್ತಾರೆ. 250, 300, 600 ಓಮಿನ ಸ್ಟುಡಿಯೋ ಹೆಡ್‌ಫೋನುಗಳಿಗೆ ಅಥವಾ ಸೂಕ್ಷ್ಮತೆ ತೀರ ಕಡಿಮೆಯಿದ್ದವುಗಳಿಗೆ ಮಾತ್ರ ಪ್ರತ್ಯೇಕ ಆಂಪ್ಲಿಫಯರ್ ಉಪಯೋಗಕ್ಕೆ ಬರುತ್ತದೆ.

ಕೊಳ್ಳಲೇಬೇಕಾದರೆ ಒಂದು ನಿಯಮ ನೆನಪಿಡಿರಿ. ಹೆಡ್‌ಫೋನಿನ ಓಮು ಆಂಪ್ಲಿಫಯರಿನ ಹೊರದಾರಿಯ ಓಮಿಗಿಂತ ಕನಿಷ್ಠ ಎಂಟು ಪಟ್ಟಿರಬೇಕು. 32 ಓಮಿನ ಹೆಡ್‌ಫೋನಿಗೆ 4 ಓಮ್ ಅಥವಾ ಅದಕ್ಕಿಂತ ಕಡಿಮೆಯದು ಸರಿಯಾದುದು. ಎರಡೂ ಸಮನಾಗಿರಬೇಕೆಂದು ಕೆಲವರು ಹೇಳುವುದು ಇಲ್ಲಿ ಸಲ್ಲದು. ಕೆಲವು ಹಳೆಯ ಆಂಪ್ಲಿಫಯರುಗಳ ಹೊರದಾರಿ 100 ಓಮ್ ದಾಟಿರುತ್ತದೆ. ಅದಕ್ಕೆ 32 ಓಮಿನದನ್ನು ಜೋಡಿಸಿದರೆ ಎಷ್ಟೋ ಸಲ ಗಂಭೀರ ಧ್ವನಿ ಗುಂಯ್‌ಗುಟ್ಟಿ ಮಾತು ಮಸುಕಾಗುತ್ತದೆ. ದೊಡ್ಡ ಸ್ಪೀಕರಿಗೆಂದು ಇರುವ ತಂತಿಗಳಿಗೆ ಹೆಡ್‌ಫೋನನ್ನು ಎಂದೂ ಜೋಡಿಸಬಾರದು. ಯಾವುದಕ್ಕೇ ಜೋಡಿಸಲಿ, ಮೊದಲು ಧ್ವನಿಯನ್ನು ಸೊನ್ನೆಗೆ ಇಳಿಸಿ, ಕಿವಿಗೆ ಹಾಕಿಕೊಂಡು, ನಿಧಾನವಾಗಿ ಏರಿಸಿರಿ.

ಮಾತು ಅಸ್ಪಷ್ಟವಾಗಿದ್ದರೆ ಆಂಪ್ಲಿಫಯರ್ ಅದನ್ನು ಸ್ಪಷ್ಟ ಮಾಡುವುದಿಲ್ಲ. ಅಸ್ಪಷ್ಟವಾದುದನ್ನೇ ಜೋರಾಗಿ ಕೇಳಿಸುತ್ತದೆ. ಮೆತ್ತೆಯ ಸಂದನ್ನು ಆಂಪ್ಲಿಫಯರಿನಿಂದ ಮುಚ್ಚಲಾಗದು. ಕ್ರಮದಲ್ಲಿ ಅದಕ್ಕೆ ಕೊನೆಯ ಸ್ಥಾನ ಕೊಟ್ಟುದು ಈ ಕಾರಣದಿಂದಲೇ.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಯವರು ಢಂ ಢಂ ಎನ್ನುವ ಹಾಡು ಹಾಕಿ ತೋರಿಸುತ್ತಾರೆ. ನೀವು ಮನೆಯಿಂದಲೇ ಒಂದು ಧ್ವನಿಮುದ್ರಣ ಒಯ್ಯಿರಿ. ಅಜ್ಜಿ ಅಥವಾ ತಾಯಿ ಈ ಜೋಡಿಪದಗಳನ್ನು ನಿಧಾನವಾಗಿ ಓದಿರಲಿ: ಬೆಳೆ–ಬೇಳೆ, ಕೊಡು–ಕೋಡು, ಬೆಲೆ–ಬೆಳೆ, ಮನೆ–ಮಣೆ, ಹುಲಿ–ಹುಳಿ, ದನ–ಧನ, ಸಮ–ಶಮ. ಧ್ವನಿಯನ್ನು ಅರ್ಧಕ್ಕೆ ಇಟ್ಟು, ಅಂಗಡಿಯ ಗದ್ದಲದಲ್ಲಿಯೇ ಕೇಳಿರಿ. ಪ್ರತಿ ಜೋಡಿಯೂ ಬೇರೆ ಬೇರೆಯಾಗಿ ತಿಳಿದರೆ ಆ ಹೆಡ್‌ಫೋನ್ ಪಾಠಕ್ಕೆ ಯೋಗ್ಯ. ಮೆತ್ತೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿರಿ. ಒತ್ತಿದಾಗ ಗಂಭೀರ ಧ್ವನಿ ಒಮ್ಮೆಲೇ ಹೆಚ್ಚಾದರೆ ಎಲ್ಲಿಯೋ ಸಂದು ಇದೆಯೆಂದು ತಿಳಿಯಿರಿ. ಹತ್ತು ನಿಮಿಷ ಹಾಕಿಕೊಂಡು ಕುಳಿತಾಗ ಕಿವಿ ನೋಯಬಾರದು.

ಪಾಲಕರಿಗೆ ಒಂದು ಮಾತು

ಮಗ್ಗದ ಮೇಲೆ ದುಡಿಯುವ ಪಾಲಕರಲ್ಲಿ ವಿನಂತಿ. ಹಾಡು ಕೇಳುವ ಹೆಡ್‌ಫೋನ್ ಮಗ್ಗದ ಸಪ್ಪಳಕ್ಕೆ ರಕ್ಷಣೆಯಲ್ಲ. ಅದಕ್ಕೆಂದೇ ಮಾಡಿದ ಕಿವಿಮುಚ್ಚಳ ಅಥವಾ ಕಿವಿಯ ಬಿರಡೆಗಳು ಬೇರೆ ಇವೆ; ಅವನ್ನೇ ಉಪಯೋಗಿಸಬೇಕು. ಮಗ್ಗದ ಮುಂದೆ ಹೆಡ್‌ಫೋನ್ ಹಾಕಿ ಹಾಡು ಕೇಳಿದರೆ ಕಿವಿಗೆ ಎರಡು ಪೆಟ್ಟು.

ಮಗು ಟಿವಿಯ ಧ್ವನಿಯನ್ನು ದಿನದಿನಕ್ಕೆ ಏರಿಸುತ್ತಿದ್ದರೆ, ಕಿವಿಯಲ್ಲಿ ಗುಂಯ್ ಎನ್ನುತ್ತದೆಂದರೆ, ಹಿಂದಿನಿಂದ ಕರೆದಾಗ ತಿರುಗದಿದ್ದರೆ, ಬೈಯುವ ಮೊದಲು ಕಿವಿಯ ವೈದ್ಯರಿಗೆ ತೋರಿಸಿರಿ. ರಸ್ತೆ ದಾಟುವಾಗ, ಸೈಕಲ್ ಮೇಲೆ, ರೈಲ್ವೆ ಹಳಿಯ ಬಳಿ ಹೆಡ್‌ಫೋನ್ ಹಾಕಲು ಯಾರಿಗೂ ಅವಕಾಶ ಕೊಡಬೇಡಿರಿ. ಪಾಠದ ನಂತರ ಕಿವಿಗೆ ಸ್ವಲ್ಪ ವಿಶ್ರಾಂತಿ ಇರಲಿ. ಮಗ್ಗ ನಿಂತ ಹೊತ್ತನ್ನು ಪಾಠಕ್ಕೆ ಬಿಟ್ಟುಕೊಟ್ಟರೆ ಹೆಡ್‌ಫೋನೇ ಬೇಡವಾದೀತು. ಅದಕ್ಕಿಂತ ಅಗ್ಗದ ಉಪಾಯ ಬೇರೊಂದಿಲ್ಲ.

ಅಭ್ಯಾಸ

1. ದೊಡ್ಡವರಿಗೆ 80 ಡೆಸಿಬೆಲ್ ವಾರಕ್ಕೆ 40 ಗಂಟೆ. ಹಾಗಾದರೆ 92 ಡೆಸಿಬೆಲ್ ಎಷ್ಟು ಗಂಟೆ?
2. ಅರ್ಧ ವೋಲ್ಟಿನಲ್ಲಿ 16 ಓಮಿನ ಹೆಡ್‌ಫೋನಿಗೆ ಎಷ್ಟು ಮಿಲಿವ್ಯಾಟ್ ಸಿಗುತ್ತದೆ?
3. ಆಂಪ್ಲಿಫಯರಿನ ಹೊರದಾರಿ 10 ಓಮ್ ಇದ್ದರೆ ಹೆಡ್‌ಫೋನ್ ಕನಿಷ್ಠ ಎಷ್ಟು ಓಮಿನದಿರಬೇಕು?
4. ಹ್ರಸ್ವ ದೀರ್ಘಗಳಿಂದ ಅರ್ಥ ಬದಲಾಗುವ ಹತ್ತು ಜೋಡಿಪದಗಳನ್ನು ಮನೆಯ ಹಿರಿಯರಿಂದ ಕೇಳಿ ಬರೆಯಿರಿ. ಕೇಳುವಾಗ ಹೆಡ್‌ಫೋನ್ ಬೇಡ. ಎದುರಿಗೆ ಕುಳಿತು ಕೇಳಿರಿ.