ಕಾಲೇಜಿನ ಸೌಲಭ್ಯಗಳೂ ಹೊಸ ವಿದ್ಯಾರ್ಥಿಯೂ

ರುದ್ರಪಟ್ಟಣವೆಂದೊಡನೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಸಂಗೀತ. ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಂಡೆಯ ಮೇಲಿರುವ ಈ ಊರು ಆರ್. ಕೆ. ಶ್ರೀಕಂಠನ್ ಅವರಂಥ ವಿದ್ವಾಂಸರನ್ನು ನಾಡಿಗೆ ಕೊಟ್ಟಿತು. ಆದರೆ ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಯು ಇದೇ ಊರಿನ ಇನ್ನೊಬ್ಬ ಹಿರಿಯರ ವಿಷಯವನ್ನೂ ತಿಳಿದಿರುವುದು ಒಳ್ಳೆಯದು. ಅವರು ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು.

ಶಾಮಶಾಸ್ತ್ರಿಗಳು 1868ರಲ್ಲಿ ರುದ್ರಪಟ್ಟಣದಲ್ಲಿ ಜನಿಸಿದರು. ಮೈಸೂರಿನಲ್ಲಿ ಸಂಸ್ಕೃತ ವ್ಯಾಸಂಗ ಮಾಡಿ, 1889ರಲ್ಲಿ ಮದರಾಸು ವಿಶ್ವವಿದ್ಯಾನಿಲಯದ ಬಿ.ಎ. ಪದವಿ ಪಡೆದರು. 1891ರಲ್ಲಿ ಮೈಸೂರಿನಲ್ಲಿ ಸ್ಥಾಪಿತವಾದ ಪ್ರಾಚ್ಯ ಗ್ರಂಥಾಲಯದಲ್ಲಿ ಗ್ರಂಥಪಾಲಕರಾಗಿ ಸೇವೆಗೆ ನಿಂತರು. ಆ ಭಂಡಾರಕ್ಕೆ ತಂಜಾವೂರು ಕಡೆಯ ಪಂಡಿತರೊಬ್ಬರು ಒಂದು ಓಲೆಗರಿಯ ಕಟ್ಟನ್ನು ಒಪ್ಪಿಸಿದ್ದರು. ಅದರ ಬರಹ ಗ್ರಂಥಲಿಪಿಯಲ್ಲಿತ್ತು. ಶಾಸ್ತ್ರಿಗಳು ಅದನ್ನು ಬಿಚ್ಚಿ ಓದಿದಾಗ ತಿಳಿದದ್ದೇನು? ಹಳೆಯ ಕೃತಿಗಳಲ್ಲಿ ಹೆಸರು ಮಾತ್ರ ಉಳಿದು, ಮೂಲವು ಕಳೆದೇಹೋಯಿತೆಂದು ವಿದ್ವಾಂಸರು ಭಾವಿಸಿದ್ದ ಕೌಟಿಲ್ಯನ ‘ಅರ್ಥಶಾಸ್ತ್ರ’ವೇ ಅದಾಗಿತ್ತು. 1909ರಲ್ಲಿ ಅವರು ಮೂಲವನ್ನು ಅಚ್ಚು ಮಾಡಿಸಿದರು. 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಗ್ರಂಥರೂಪದಲ್ಲಿ ಹೊರಬಂತು. ಇಂದು ರಾಜ್ಯಶಾಸ್ತ್ರದ ತರಗತಿಯಲ್ಲಿ ನಾವು ಸಪ್ತಾಂಗ ಸಿದ್ಧಾಂತವನ್ನು ಓದುತ್ತಿರುವುದಕ್ಕೆ ನಮ್ಮ ನೆರೆಯೂರಿನ ಈ ಗ್ರಂಥಪಾಲಕರಿಗೂ ಋಣಿಗಳಾಗಿರಬೇಕು.

ಓಲೆಯ ಕಟ್ಟು ಭಂಡಾರದ ಒಳಗೆ ಇತ್ತು. ಇದ್ದ ಮಾತ್ರಕ್ಕೆ ಅದು ಲೋಕಕ್ಕೆ ದೊರೆಯಲಿಲ್ಲ. ಬಿಚ್ಚಿ ಓದುವವರೊಬ್ಬರು ಬೇಕಾಯಿತು. ಕಾಲೇಜಿನ ಸೌಲಭ್ಯಗಳ ಸಂಗತಿಯೂ ಹೀಗೆಯೇ. ಅವು ನಮಗಾಗಿಯೇ ಇವೆ. ಆದರೆ ಬಾಗಿಲು ತಟ್ಟಿ ಕೇಳದವನ ಪಾಲಿಗೆ ಅವು ಇದ್ದೂ ಇಲ್ಲದಂತೆ.

ಕೇಳುವುದು ಅಷ್ಟು ಸುಲಭವೇ ಎಂದು ಯಾರಾದರೂ ಪ್ರಶ್ನಿಸಬಹುದು. ಈ ಪ್ರಶ್ನೆ ಸರಿಯಾದದ್ದೇ. ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ಹಳ್ಳಿಗಳಿಂದ ಬೆಳಗಿನ ಬಸ್ಸು ಹಿಡಿದು ಬರುವ ನಮ್ಮಲ್ಲಿ ಅನೇಕರ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ನಾವೇ ಮೊದಲಿಗರು. ಕೆರೆಯ ಯಾವ ತೂಬಿನಿಂದ ಯಾವ ಗದ್ದೆಗೆ ನೀರು ಹರಿಯುತ್ತದೆಂಬುದು ನಮ್ಮ ಅಪ್ಪಂದಿರಿಗೆ ಬಾಯಿಪಾಠ. ಕಾಲೇಜಿನ ಯಾವ ಕಿಟಕಿಯಲ್ಲಿ ಏನು ಸಿಗುತ್ತದೆಂಬುದನ್ನು ಅವರು ಹೇಗೆ ಹೇಳಿಯಾರು? ಓದಿದವರ ಮನೆಯ ಮಕ್ಕಳಿಗೆ ಅಣ್ಣನೋ ಅಕ್ಕನೋ ಊಟದ ಹೊತ್ತಿನಲ್ಲಿ ಹೇಳಿಬಿಡುವ ಮಾತು ನಮಗೆ ತಿಳಿಯುವ ಹೊತ್ತಿಗೆ ಎರಡು ಸೆಮಿಸ್ಟರು ಕಳೆದಿರುತ್ತದೆ. ಆದ್ದರಿಂದ ಮುಖ್ಯವಾದ ಕೆಲವನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯದು ಗ್ರಂಥಾಲಯ. ಪ್ರವೇಶ ಪಡೆದ ಮೊದಲ ವಾರದಲ್ಲಿಯೇ ಗ್ರಂಥಾಲಯದ ಕಾರ್ಡು ಮಾಡಿಸಿಕೊಳ್ಳಬೇಕು. ಒಳಹೊಕ್ಕ ಹೊಸಬರು ಸಾಲು ಬೀರುಗಳನ್ನು ಕಂಡು ತಬ್ಬಿಬ್ಬಾಗುವುದುಂಟು. ಪುಸ್ತಕದ ಬೆನ್ನಿನ ಮೇಲೆ ಅಂಟಿಸಿದ ಚೀಟಿಯೇ ಅಲ್ಲಿಯ ದಾರಿದೀಪ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ ದಶಾಂಶ ವರ್ಗೀಕರಣವು ಎಲ್ಲ ವಿದ್ಯೆಗಳನ್ನೂ ಹತ್ತು ವರ್ಗಗಳಾಗಿ ವಿಂಗಡಿಸುತ್ತದೆ. ಅದರಂತೆ ರಾಜ್ಯಶಾಸ್ತ್ರಕ್ಕೆ 320, ಅರ್ಥಶಾಸ್ತ್ರಕ್ಕೆ 330, ಭಾರತದ ಇತಿಹಾಸಕ್ಕೆ 954, ಕನ್ನಡ ಸಾಹಿತ್ಯಕ್ಕೆ 894.814. ತನ್ನ ಐಚ್ಛಿಕ ವಿಷಯಗಳ ಮೂರು ಸಂಖ್ಯೆಗಳನ್ನು ನೆನಪಿಟ್ಟುಕೊಂಡ ವಿದ್ಯಾರ್ಥಿಯು ಈ ಕ್ರಮವನ್ನು ಅನುಸರಿಸುವ ಯಾವ ಗ್ರಂಥಾಲಯಕ್ಕೆ ಹೋದರೂ ದಾರಿ ತಪ್ಪುವುದಿಲ್ಲ.

ಮನೆಗೆ ಕೊಡದ ದೊಡ್ಡ ಗ್ರಂಥಗಳು ಪರಾಮರ್ಶನ ವಿಭಾಗದಲ್ಲಿರುತ್ತವೆ. ಅಂಥವುಗಳ ಬೆಲೆ ತಿಳಿಯಲು ಒಂದು ಉದಾಹರಣೆ ಸಾಕು. ಬಿ. ಎಲ್. ರೈಸ್ ಅವರು ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಐದನೆಯ ಸಂಪುಟವು ಹಾಸನ ಜಿಲ್ಲೆಯ ಶಾಸನಗಳದು; 1902ರಲ್ಲಿ ಪ್ರಕಟವಾಯಿತು. ಅದರಲ್ಲಿ ತಾಲ್ಲೂಕುವಾರು ಹುಡುಕಿದರೆ ನಮ್ಮೂರ ಗುಡಿಯ ಮುಂದೆ ನಿಂತ ಕಲ್ಲಿನ ಪಾಠವೇ ಸಿಕ್ಕೀತು. ಬಾಲ್ಯದಲ್ಲಿ ಒರಗಿ ಕುಳಿತ ಕಲ್ಲು ಯಾವ ಅರಸನ ಕಾಲದ್ದೆಂದು ತಿಳಿದ ಮೇಲೆ ಇತಿಹಾಸವು ಪರೀಕ್ಷೆಯ ವಿಷಯವಾಗಿ ಮಾತ್ರ ಉಳಿಯಲಾರದು. ಸಂಪುಟವು ಕೈಗೆ ಸಿಗದಿದ್ದರೆ ಅಂತರ್ಜಾಲದಲ್ಲಿಯೂ ಓದಬಹುದು. ಅಲ್ಲದೆ 2010ರಲ್ಲಿ ಆರಂಭವಾದ ‘ಎನ್-ಲಿಸ್ಟ್’ ಯೋಜನೆಗೆ ಸೇರಿದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸಾವಿರಾರು ಪುಸ್ತಕ, ಪತ್ರಿಕೆಗಳು ಮೊಬೈಲಿನಲ್ಲಿಯೇ ತೆರೆದುಕೊಳ್ಳುತ್ತವೆ. ಅದರ ಪ್ರವೇಶಪದವನ್ನು ಗ್ರಂಥಪಾಲಕರಲ್ಲಿ ಕೇಳಿ ಪಡೆಯತಕ್ಕದ್ದು.

ಭಾರತದ ಗ್ರಂಥಾಲಯ ಶಾಸ್ತ್ರದ ಪಿತಾಮಹರೆನಿಸಿದ, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿ, ಪುಸ್ತಕದ ಬಳಕೆಯನ್ನೇ ಮೊದಲ ಸೂತ್ರವಾಗಿ ಇಟ್ಟರು. ಕೇಳುವ ವಿದ್ಯಾರ್ಥಿಯು ಗ್ರಂಥಪಾಲಕರಿಗೆ ತೊಂದರೆ ಕೊಡುತ್ತಿಲ್ಲ. ಅವರ ಕೆಲಸ ಸಾರ್ಥಕವಾಗುವುದೇ ಅವನಿಂದ.

ಎರಡನೆಯದು ಕಚೇರಿ ಮತ್ತು ಸೂಚನಾ ಫಲಕ. ನಮ್ಮಂಥವರ ಓದು ನಿಂತಿರುವುದು ವಿದ್ಯಾರ್ಥಿವೇತನ, ಬಸ್ ಪಾಸು ಮತ್ತು ಹಾಸ್ಟೆಲುಗಳ ಮೇಲೆ. ಎಸ್.ಎಸ್.ಪಿ. ಎಂದು ಕರೆಯುವ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಅರ್ಜಿ ಹಾಕಲು ಕೊನೆಯ ದಿನವೊಂದಿರುತ್ತದೆ. ಜಾತಿ ಮತ್ತು ಆದಾಯದ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ತಂದಿಟ್ಟುಕೊಳ್ಳಬೇಕು; ಬ್ಯಾಂಕು ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ನನ್ನ ಸಹಪಾಠಿಯೊಬ್ಬಳಿಗೆ ಕೊನೆಯ ದಿನದ ಸೂಚನೆ ತಿಳಿಯಲೇ ಇಲ್ಲ. ಅವಳ ತಾಯಿ ಕೈಸಾಲ ಮಾಡಿ ಆ ವರ್ಷದ ಪರೀಕ್ಷಾ ಶುಲ್ಕ ಕಟ್ಟಿದರು. ಅವಳಿಗೆ ಅರ್ಹತೆಯಿತ್ತು, ಸರ್ಕಾರದ ಹಣವೂ ಇತ್ತು. ಹೇಳುವವರು ಮಾತ್ರ ಇರಲಿಲ್ಲ. ದಿನಕ್ಕೊಮ್ಮೆ ಫಲಕದ ಮುಂದೆ ನಿಲ್ಲುವುದಕ್ಕೆ ಎರಡು ನಿಮಿಷ ಸಾಕು. ಹಿಂದುಳಿದ ವರ್ಗಗಳ ಮತ್ತು ಸಮಾಜ ಕಲ್ಯಾಣ ಇಲಾಖೆಗಳ ಹಾಸ್ಟೆಲುಗಳಿಗೂ ವರ್ಷಾರಂಭದಲ್ಲಿಯೇ ಅರ್ಜಿ ಹಾಕಬೇಕು.

ಮೂರನೆಯದು ತರಗತಿಯ ಹೊರಗಿನ ಶಿಕ್ಷಣ. ಗಾಂಧೀಜಿಯವರ ಜನ್ಮಶತಾಬ್ದಿಯಾದ 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಮತ್ತು ಏಳು ದಿನಗಳ ಶಿಬಿರವಿದೆ. ನಾಲ್ಕು ಜನರ ಮುಂದೆ ನಿಂತು ಮಾತನಾಡುವ ಧೈರ್ಯ ಅನೇಕರಿಗೆ ಬರುವುದು ಆ ಶಿಬಿರದಲ್ಲಿಯೇ. ಎನ್.ಸಿ.ಸಿ.ಯ ‘ಬಿ’ ಮತ್ತು ‘ಸಿ’ ಪ್ರಮಾಣಪತ್ರಗಳು ಮುಂದೆ ಸೈನ್ಯ ಸೇರಬಯಸುವವರಿಗೆ ನೆರವಾಗುತ್ತವೆ. ಆಟದ ಸಾಮಾನುಗಳನ್ನು ದೈಹಿಕ ಶಿಕ್ಷಣ ನಿರ್ದೇಶಕರಲ್ಲಿ ಕೇಳಿ ಪಡೆಯಬಹುದು.

ತೊಂದರೆಯಾದಾಗ ಹೋಗಬೇಕಾದ ಬಾಗಿಲನ್ನೂ ಹೊಸಬರು ತಿಳಿದಿರಬೇಕು. ವಿದ್ಯಾರ್ಥಿನಿಯರಿಗೆ 2013ರ ಕಾಯಿದೆಯಂತೆ ಆಂತರಿಕ ದೂರು ಸಮಿತಿಯೂ, ಎಲ್ಲರಿಗೂ ಯು.ಜಿ.ಸಿ.ಯ 2009ರ ನಿಯಮದಂತೆ ರ‍್ಯಾಗಿಂಗ್ ತಡೆ ಸಮಿತಿಯೂ ಇರತಕ್ಕದ್ದು.

ಇಷ್ಟನ್ನೂ ಬರೆದು ಫಲಕಕ್ಕೆ ಅಂಟಿಸಿದರೆ ಸಾಲದೆ? ಸಾಲದು. ಅಪರಿಚಿತ ಬಾಗಿಲನ್ನು ಮೊದಲ ಸಲ ದಾಟಲು ಜೊತೆಗೊಬ್ಬರು ಬೇಕು. ಆದಕಾರಣ ಅಂತಿಮ ವರ್ಷದ ನಾವು ಪ್ರತಿಯೊಬ್ಬರೂ ನಮ್ಮ ಬಸ್ಸಿನಲ್ಲಿ ಬರುವ ಇಬ್ಬರು ಹೊಸಬರನ್ನು ಮೊದಲ ವಾರದಲ್ಲಿ ಐದು ಕಡೆಗೆ ಕರೆದೊಯ್ಯೋಣ: ಗ್ರಂಥಾಲಯ, ಕಚೇರಿಯ ಕಿಟಕಿ, ಸೂಚನಾ ಫಲಕ, ಅಧ್ಯಾಪಕರ ಕೊಠಡಿ, ಆಟದ ಮೈದಾನ. ಅಧ್ಯಾಪಕರಲ್ಲಿಯೂ ಒಂದು ವಿನಂತಿ: ಮೊದಲ ಸೆಮಿಸ್ಟರಿನಲ್ಲಿ ಗ್ರಂಥಾಲಯದ ಪುಸ್ತಕವೊಂದನ್ನು ತೆರೆಯದೆ ಬರೆಯಲಾಗದ ಒಂದು ಲೇಖನವನ್ನು ಪ್ರತಿ ವಿದ್ಯಾರ್ಥಿಗೂ ಕೊಡಿರಿ. ಹೊಸ ಮಿತ್ರರೇ, ನಿಮ್ಮನ್ನು ಕರೆಯಲು ಯಾರೂ ಬಾರದಿದ್ದರೆ ಕಾಯಬೇಡಿರಿ. ನಾಳೆ ಮಧ್ಯಾಹ್ನದ ಬಿಡುವಿನಲ್ಲಿ ಗ್ರಂಥಾಲಯಕ್ಕೆ ಹೋಗಿ, ನಿಮ್ಮ ಹೆಸರಿನಲ್ಲಿ ಒಂದು ಪುಸ್ತಕ ಬರೆಸಿಕೊಂಡು ಮನೆಗೆ ತೆಗೆದುಕೊಂಡು ಹೋಗಿರಿ.