ಕಾಲು ಉಳುಕಿದಾಗ ಒಳಗೆ ಏನಾಗುತ್ತದೆ?

ಮಕ್ಕಳೇ, ವಲಯ ಮಟ್ಟದ ಖೋ ಖೋ ಪಂದ್ಯ ನಡೆಯುತ್ತಿದೆ ಎಂದುಕೊಳ್ಳಿ. ಕಂಬದ ಬಳಿ ಥಟ್ಟನೆ ತಿರುಗುವಾಗ ಹುಡುಗಿಯೊಬ್ಬಳ ಪಾದ ಒಳಕ್ಕೆ ಹೊರಳಿತು. ಒಬ್ಬರು ಕಾಲು ಹಿಡಿದು ಎಳೆದರು. ಇನ್ನೊಬ್ಬರು ಎಣ್ಣೆ ಹಚ್ಚಿ ತಿಕ್ಕಿದರು. ಅವಳು "ಏನೂ ಆಗಿಲ್ಲ ಸಾರ್" ಎಂದು ಮತ್ತೆ ಓಡಿದಳು. ಸಂಜೆಯ ಹೊತ್ತಿಗೆ ಕಾಲು ಊದಿ ಚಪ್ಪಲಿಯೊಳಗೆ ಹೋಗಲಿಲ್ಲ. ಇಲ್ಲಿ ಆದ ತಪ್ಪುಗಳೇನು?

ಮೂಳೆಯನ್ನು ಮೂಳೆಗೆ ಬಂಧಿಸುವ ಗಟ್ಟಿ ಪಟ್ಟಿಗಳಿಗೆ ಅಸ್ಥಿರಜ್ಜು ಎನ್ನುತ್ತಾರೆ. ಪಾದ ಒಳಕ್ಕೆ ಹೊರಳಿದಾಗ ಕೀಲಿನ ಹೊರಬದಿಯ ಅಸ್ಥಿರಜ್ಜು ಮಿತಿಮೀರಿ ಹಿಗ್ಗುತ್ತದೆ. ಅದರ ಎಳೆಗಳು ಹರಿಯಲೂಬಹುದು. ಇದೇ ಉಳುಕು. ಆ ಜಾಗಕ್ಕೆ ರಕ್ತ ಮತ್ತು ದ್ರವ ಸೇರಿ ಊತ ಬರುತ್ತದೆ. ದೇಹದ ದುರಸ್ತಿ ಕೆಲಸ ಆರಂಭವಾಗುವುದು ಹೀಗೆಯೇ. ಆಗ ಎಳೆದರೆ, ತಿಕ್ಕಿದರೆ ಹರಿದ ಎಳೆಗಳು ಇನ್ನಷ್ಟು ಹರಿಯುತ್ತವೆ.

ಏನು ಮಾಡಬೇಕು?

1. ಕೂಡಲೇ ಆಟ ನಿಲ್ಲಿಸಿ, ಶಿಕ್ಷಕರಿಗೆ ತಿಳಿಸಿ.
2. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಸುಮಾರು 10 ನಿಮಿಷ ಇಡಿ. ಇಲ್ಲವಾದರೆ ತಣ್ಣೀರಿನ ಬಟ್ಟೆ ಸಾಕು.
3. ಅಗಲವಾದ ಬ್ಯಾಂಡೇಜ್ ಕಟ್ಟಿ. ಬೆರಳು ಜೋಮು ಹಿಡಿದರೆ ಸಡಿಲಿಸಿ.
4. ಮಲಗಿ, ಕಾಲನ್ನು ಎದೆಗಿಂತ ಎತ್ತರದಲ್ಲಿಡಿ. ಗುರುತ್ವದಿಂದ ದ್ರವ ಹಿಂದಕ್ಕೆ ಹರಿದು ಊತ ಇಳಿಯುತ್ತದೆ.

ವಿಶ್ರಾಂತಿ, ಮಂಜುಗಡ್ಡೆ, ಬ್ಯಾಂಡೇಜ್, ಎತ್ತರ ಎಂಬ ಈ ಸೂತ್ರವನ್ನು 1978ರಲ್ಲಿ ಜನಪ್ರಿಯಗೊಳಿಸಿದವರು ಅಮೆರಿಕದ ವೈದ್ಯ ಗೇಬ್ ಮಿರ್ಕಿನ್. ಮಂಜುಗಡ್ಡೆ ನೋವು ಕಡಿಮೆ ಮಾಡಿದರೂ ಹೆಚ್ಚು ಹೊತ್ತು ಇಟ್ಟರೆ ದುರಸ್ತಿ ನಿಧಾನವಾಗಬಹುದು ಎಂದು ಮುಂದೆ ಅವರೇ ತಿದ್ದಿಕೊಂಡರು. ಹೊಸ ಸಾಕ್ಷ್ಯ ಸಿಕ್ಕಾಗ ತನ್ನ ಮಾತನ್ನೇ ತಿದ್ದಿಕೊಳ್ಳುವುದು ವಿಜ್ಞಾನದ ಗುಣವಲ್ಲವೇ?

ಎಚ್ಚರಿಕೆ!

ನಾಲ್ಕು ಹೆಜ್ಜೆ ಇಡಲಾಗದಿದ್ದರೆ, ಮೂಳೆಯನ್ನು ಒತ್ತಿದಾಗ ನೋವಾದರೆ ಆಸ್ಪತ್ರೆಗೆ ಹೋಗಲೇಬೇಕು. ನಿಮ್ಮ ವಯಸ್ಸಿನಲ್ಲಿ ಉದ್ದ ಮೂಳೆಗಳ ತುದಿಯ ಬಳಿ ಮೃದ್ವಸ್ಥಿಯ ಪದರವಿರುತ್ತದೆ. ಮೂಳೆ ಉದ್ದ ಬೆಳೆಯುವುದು ಅಲ್ಲಿಂದಲೇ. ಅಲ್ಲಿಗೆ ಪೆಟ್ಟಾಗಿ ಚಿಕಿತ್ಸೆ ಸಿಗದಿದ್ದರೆ ಬೆಳವಣಿಗೆಯೇ ಏರುಪೇರಾಗಬಹುದು.

ಮಾಡಿ ನೋಡಿ

ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಲ್ಲಿ. ಈಗ ಕಣ್ಣು ಮುಚ್ಚಿ. ಪಾದ ಅಲುಗಾಡುವುದು ಹೆಚ್ಚಾಯಿತೇ? ಕಣ್ಣಿನ ಸಹಾಯ ತಪ್ಪಿದಾಗ ಕೀಲು ಮತ್ತು ಸ್ನಾಯುಗಳ ನರತುದಿಗಳು ಕಳಿಸುವ ಸುದ್ದಿಯನ್ನೇ ಮಿದುಳು ಹೆಚ್ಚಾಗಿ ನಂಬಬೇಕು. ಉಳುಕಿದ ಕೀಲಿನಲ್ಲಿ ಈ ಸುದ್ದಿ ಮಂಕಾಗುತ್ತದೆ. ಆದ್ದರಿಂದಲೇ ಅದು ಮತ್ತೆ ಮತ್ತೆ ಉಳುಕುತ್ತದೆ. ನೋವು ಹೋದ ಮೇಲೆ ದಿನವೂ ಈ ಅಭ್ಯಾಸ ಮಾಡಿ, ನಂತರ ಅಂಕಣಕ್ಕೆ ಇಳಿಯಿರಿ.

ಯೋಚಿಸಿ: ಆ ಹುಡುಗಿಯ ಜೊತೆ ನೀವಿದ್ದಿದ್ದರೆ ಮೊದಲು ಏನು ಮಾಡುತ್ತಿದ್ದಿರಿ?